ಹೊಸ ಕಂಪ್ಯೂಟರಿಗೆ ಹಳೆಯ ವಿಂಡೋಸ್ ಲೈಸೆನ್ಸ್ ನಡೆಯುತ್ತದೆಯೇ?

ಸುಭಾಷ್‌ನಗರ, ಮಂಡ್ಯ

ಎಲ್ಲರಿಗೂ ನಮಸ್ಕಾರ. ಮಗಳಿಗೆ ಮೈಸೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಸೀಟು ಸಿಕ್ಕಿದೆ. ದಿನವೂ ರೈಲಿನಲ್ಲಿ ಹೋಗಿ ಬರುತ್ತಾಳೆ. ಮನೆಯಲ್ಲಿ ಅವಳಿಗೊಂದು ಡೆಸ್ಕ್‌ಟಾಪ್ ಜೋಡಿಸಬೇಕೆಂದು ರೈಜನ್ 5 8600ಜಿ ಪ್ರೊಸೆಸರ್, ಬಿ650 ಮದರ್‌ಬೋರ್ಡ್, 16 ಜಿಬಿ ರ‍್ಯಾಮ್, 1 ಟಿಬಿ ಎನ್‌ವಿಎಂಇ ಎಂದು ಪಟ್ಟಿ ಮಾಡಿ ಎರಡು ಕಡೆ ದರ ಕೇಳಿದೆ. ಮಂಡ್ಯದ ಅಂಗಡಿಯವರು ಬಿಡಿಭಾಗಗಳ ಬೆಲೆ ಬರೆದು, ಕೊನೆಯಲ್ಲಿ "ವಿಂಡೋಸ್ 11 ಪ್ರೊ, ಆಫೀಸ್: ಉಚಿತ" ಎಂದು ಸೇರಿಸಿದ್ದಾರೆ. ಮೈಸೂರಿನ ಅಂಗಡಿಯವರು ವಿಂಡೋಸ್ 11 ಹೋಮ್ ಎಂದು ಪ್ರತ್ಯೇಕ ಸಾಲು ಹಾಕಿ, ಅದರ ಮೇಲೆ ಶೇ 18 ಜಿಎಸ್‌ಟಿಯನ್ನೂ ತೋರಿಸಿದ್ದಾರೆ. ಒಟ್ಟು ಮೊತ್ತದಲ್ಲಿ ದೊಡ್ಡ ವ್ಯತ್ಯಾಸ ಬರುತ್ತಿದೆ.

ಮನೆಯಲ್ಲಿ 2012ರಲ್ಲಿ ಜೋಡಿಸಿದ ಯಂತ್ರವೊಂದಿದೆ, ಮೂರನೆಯ ತಲೆಮಾರಿನ ಐ5. ಅದಕ್ಕೆ ವಿಂಡೋಸ್ 7 ಹೋಮ್ ಪ್ರೀಮಿಯಂ ಡಬ್ಬಿಯನ್ನು ಬಿಲ್ ಸಮೇತ ಕೊಂಡಿದ್ದೆ. 2016ರಲ್ಲಿ ಉಚಿತವಾಗಿ 10ಕ್ಕೆ ಏರಿಸಿಕೊಂಡೆ. ಹಣ ಕೊಟ್ಟು ಕೊಂಡ ಆ ಲೈಸೆನ್ಸನ್ನೇ ಹೊಸದಕ್ಕೆ ಹಾಕಿಕೊಳ್ಳಬಹುದೇ? ಹಳೆಯದರಲ್ಲಿ ನಮ್ಮ ಮನೆಯವರು ಬೆಲ್ಲದ ಮಂಡಿಯ ಇಬ್ಬರು ವರ್ತಕರ ಲೆಕ್ಕವನ್ನು ಟ್ಯಾಲಿಯಲ್ಲಿ ಬರೆಯುತ್ತಾರೆ, ಅದು ಹಾಗೆಯೇ ನಡೆದುಕೊಂಡು ಹೋಗಲಿ. ತಿಳಿದವರು ದಯವಿಟ್ಟು ಹೇಳಿ.

ಅಸೆಂಬ್ಲಿ ಕೆಲಸ, ಸರಸ್ವತಿಪುರಂ

ಸರ್, ಕಂಪ್ಯೂಟರ್ ಜೋಡಿಸಿಕೊಡುವುದೇ ನನ್ನ ಕಸುಬು. ಮೊದಲು ಆ "ಉಚಿತ" ಎಂಬ ಸಾಲಿನ ಬಗ್ಗೆ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಮಗಳ ಯಂತ್ರ ಮೊದಲ ದಿನವೇ ಕೆಡುವುದು ಅಲ್ಲಿಂದ.

ವಿಂಡೋಸ್ 11 ಪ್ರೊ ಉಚಿತ ಎಂದು ಬರೆದುಕೊಡುವವರಲ್ಲಿ ಹೆಚ್ಚಿನವರು ಬಳಸುವುದು ಆ್ಯಕ್ಟಿವೇಟರ್ ಎಂಬ ಸಣ್ಣ ಪ್ರೋಗ್ರಾಂ. ದೊಡ್ಡ ಸಂಸ್ಥೆಗಳಲ್ಲಿ ನೂರಾರು ಯಂತ್ರಗಳನ್ನು ಒಳಗಿನ ಒಂದು ಸರ್ವರ್‌ನಿಂದಲೇ ಆ್ಯಕ್ಟಿವೇಟ್ ಮಾಡುವ (ಲೈಸೆನ್ಸ್ ಇದೆಯೆಂದು ಖಚಿತಪಡಿಸಿ ಚಾಲೂ ಮಾಡುವ) ಕೆಎಂಎಸ್ ಎಂಬ ಏರ್ಪಾಡಿದೆ. ಅದು 180 ದಿನಗಳ ಮಟ್ಟಿಗೆ ನಡೆಯುತ್ತದೆ, ಆಗಾಗ ನವೀಕರಣವಾಗುತ್ತಿರಬೇಕು. ಆ್ಯಕ್ಟಿವೇಟರ್ ಮಾಡುವುದೆಂದರೆ ಅಂಥ ಸರ್ವರ್ ಇದೆಯೆಂದು ನಿಮ್ಮ ವಿಂಡೋಸ್ ಅನ್ನು ನಂಬಿಸುವುದು. ಅದನ್ನು ಓಡಿಸುವ ಮೊದಲು ವಿಂಡೋಸ್‌ನದೇ ವೈರಸ್ ತಡೆಯಾದ ಡಿಫೆಂಡರ್ ಅನ್ನು ನಿಲ್ಲಿಸಬೇಕು, ಆಮೇಲೂ ಆ ಫೋಲ್ಡರನ್ನು ತಪಾಸಣೆಯಿಂದ ಹೊರಗಿಡಬೇಕು. ಎಂದರೆ, ಯಾರು ಬರೆದರೆಂದು ಗೊತ್ತಿಲ್ಲದ ಪ್ರೋಗ್ರಾಂಗೆ ಪೂರ್ತಿ ಅಧಿಕಾರ ಕೊಟ್ಟು, ಕಾವಲುಗಾರನನ್ನು ನಾವೇ ಹೊರಗೆ ಕಳುಹಿಸಿದಂತೆ. ಅದೇ ಯಂತ್ರದಲ್ಲಿ ನೀವು ಕಾಲೇಜಿನ ಶುಲ್ಕ ಕಟ್ಟುತ್ತೀರಿ.

ಇನ್ನು ನಿಮ್ಮ ಪ್ರಶ್ನೆ. ಒಇಎಂ ಲೈಸೆನ್ಸ್ ಯಂತ್ರದ ಜೊತೆಗೇ ಮಾರಾಟವಾಗುವಂಥದ್ದು. ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ, ಅದರ ಜೊತೆಗೇ ಸಾಯುತ್ತದೆ. ರಿಟೇಲ್ ಲೈಸೆನ್ಸ್ ನಿಮ್ಮದು, ಒಂದು ಯಂತ್ರದಿಂದ ತೆಗೆದು ಇನ್ನೊಂದಕ್ಕೆ ಹಾಕಬಹುದು. ಮೂರನೆಯದು ಸಂಸ್ಥೆಗಳಿಗೆ ಸಗಟಾಗಿ ಕೊಡುವ ವಾಲ್ಯೂಮ್ ಲೈಸೆನ್ಸ್, ಮನೆಯವರಿಗೆ ಸಂಬಂಧವಿಲ್ಲ. ನಿಮ್ಮದು ರಿಟೇಲ್ ಆಗಿದ್ದರೆ ಮಾತ್ರ ಮುಂದಿನ ಮಾತು.

ಮದ್ದೂರು, ಬಿಸಿಎ ಕೊನೆಯ ವರ್ಷ

ನಾನು ಒಂದು ಜಾಲತಾಣದಲ್ಲಿ ಆರುನೂರು ರೂಪಾಯಿಗೆ ವಿಂಡೋಸ್ 11 ಪ್ರೊ ಕೀ (ಲೈಸೆನ್ಸ್‌ನ ಸಂಕೇತ) ಕೊಂಡೆ. ಯಾವ ಆ್ಯಕ್ಟಿವೇಟರ್ ಕೂಡ ಇಲ್ಲ, ಮೈಕ್ರೋಸಾಫ್ಟ್‌ನ ಸರ್ವರ್‌ನಲ್ಲೇ ನೇರವಾಗಿ ಆ್ಯಕ್ಟಿವೇಟ್ ಆಯಿತು. ಕಂಪನಿಯೇ ಒಪ್ಪಿಕೊಂಡ ಮೇಲೆ ಅದು ಅಸಲಿ ಎಂದೇ ಅಲ್ಲವೇ? ವಿದ್ಯಾರ್ಥಿಗಳಿಗೆ ಪೂರ್ತಿ ಬೆಲೆ ಕೊಡುವ ಶಕ್ತಿ ಎಲ್ಲಿದೆ? ಸರ್ ಅವರಿಗೂ ಇದನ್ನೇ ಹೇಳುತ್ತೇನೆ.

ಸಿಸ್ಟಂ ಅಡ್ಮಿನ್, ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು

ತಮ್ಮಾ, ಪ್ರಾಮಾಣಿಕವಾಗಿ ಕೇಳಿದ್ದೀಯ, ಹಾಗೆಯೇ ಉತ್ತರಿಸುತ್ತೇನೆ. ಸರ್ವರ್ ನೋಡುವುದು ಕೀ ಸರಿಯಾದದ್ದೇ, ಅದನ್ನು ಬಳಸಬಹುದಾದ ಸಲಗಳ ಲೆಕ್ಕ ಮುಗಿದಿದೆಯೇ ಎಂಬುದನ್ನು ಮಾತ್ರ. ನಿನಗೆ ಮಾರಿದವನಿಗೆ ಮಾರುವ ಹಕ್ಕಿತ್ತೇ ಎಂಬುದು ಅದಕ್ಕೆ ತಿಳಿಯುವುದಿಲ್ಲ.

ಈ ಅಗ್ಗದ ಕೀಗಳು ಬರುವ ದಾರಿಗಳಲ್ಲಿ ಒಂದನ್ನು ನಾನು ಹತ್ತಿರದಿಂದ ಬಲ್ಲೆ. ಸಂಸ್ಥೆಗಳಿಗೆ ಮ್ಯಾಕ್ ಕೀ ಎಂದು ಕೊಡುತ್ತಾರೆ (ಆ್ಯಪಲ್‌ನ ಮ್ಯಾಕ್ ಅಲ್ಲ). ಒಂದೇ ಕೀ, ಇಷ್ಟು ಸಲ ಬಳಸಬಹುದು ಎಂಬ ಮಿತಿ. ನೂರು ಯಂತ್ರವಿರುವ ಕಡೆ ಆ ಮಿತಿ ಸ್ವಲ್ಪ ಹೆಚ್ಚೇ ಇರುತ್ತದೆ. ಕೆಲಸ ಬಿಟ್ಟು ಹೋಗುವ ಯಾರೋ ಅದನ್ನು ಬರೆದುಕೊಂಡು ಹೋಗುತ್ತಾರೆ, ಉಳಿದ ಲೆಕ್ಕ ಮಾರಾಟವಾಗುತ್ತದೆ. ಸಂಸ್ಥೆಗೆ ಗೊತ್ತಾದ ದಿನ ಕೀ ರದ್ದಾಗುತ್ತದೆ. ಗುಜರಿಗೆ ಹೋದ ಬ್ರ್ಯಾಂಡೆಡ್ ಯಂತ್ರಗಳ ಸ್ಟಿಕರಿನಿಂದ ತೆಗೆದ ಒಇಎಂ ಕೀಗಳೂ ಇದೇ ಸಂತೆಗೆ ಬರುತ್ತವೆ. ನಿನ್ನ ಹತ್ತಿರ ಬಿಲ್ ಇಲ್ಲ, ಡಬ್ಬಿ ಇಲ್ಲ, ಇರುವುದು 25 ಅಕ್ಷರಗಳ ಒಂದು ಇಮೇಲ್. ನಾಳೆ ಅದು ನಿಂತರೆ ಯಾರನ್ನು ಕೇಳುತ್ತೀಯ?

ಶಕ್ತಿ ಇಲ್ಲ ಎಂಬ ಮಾತನ್ನು ನಾನು ಒಪ್ಪುತ್ತೇನೆ. ಅಮೆರಿಕದಲ್ಲಿ ಹೋಮ್‌ಗೆ 139 ಡಾಲರ್, ಪ್ರೊಗೆ 199 ಡಾಲರ್. ನಮ್ಮ ಕಡೆಯ ಸಂಬಳಕ್ಕೆ ಅದು ಭಾರವೇ. ಆದರೆ ಭಾರ ಎನಿಸಿದರೆ ವಿಂಡೋಸ್ ಬದಲು ಹಾಕಬಹುದಾದ ಉಚಿತ ಲಿನಕ್ಸ್ ಇದೆ, ಹಣ ಹೊಂದುವವರೆಗೆ ವಿಂಡೋಸ್ ಇಲ್ಲದೆ ದಾಟುವ ದಾರಿಯೂ ಇದೆ. ಕದ್ದ ಮಾಲಿಗೆ ಆರುನೂರು ಕೊಟ್ಟರೆ ಹಣವೂ ಹೋಯಿತು, ಹಕ್ಕೂ ಬರಲಿಲ್ಲ.

ತೆರಿಗೆ ಸಲಹೆಗಾರ್ತಿ, ಕುವೆಂಪುನಗರ

ಮಂಡ್ಯದ ಸರ್ ಅವರ ಮನೆಯವರು ಬೇರೆಯವರ ಲೆಕ್ಕ ಬರೆಯುತ್ತಾರೆ ಎಂದು ಓದಿದ್ದಕ್ಕೆ ಈ ಮಾತು ಬರೆಯುತ್ತಿದ್ದೇನೆ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ, ನಕಲಿ ಪ್ರತಿಯೆಂದು ಗೊತ್ತಿದ್ದೂ ಕಂಪ್ಯೂಟರ್ ಪ್ರೋಗ್ರಾಂ ಬಳಸುವವರನ್ನು ಕುರಿತದ್ದು. ಕನಿಷ್ಠ ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸಜೆ, 50 ಸಾವಿರದಿಂದ ಎರಡು ಲಕ್ಷ ರೂಪಾಯಿವರೆಗೆ ದಂಡ. ಲಾಭಕ್ಕಾಗಿ ಅಥವಾ ವ್ಯಾಪಾರದ ಸಂದರ್ಭದಲ್ಲಿ ಬಳಸಿಲ್ಲದಿದ್ದರೆ ನ್ಯಾಯಾಲಯ ಕಾರಣ ಬರೆದು ಸಜೆ ಬಿಡಬಹುದು, ದಂಡವನ್ನು 50 ಸಾವಿರದೊಳಗೆ ಇಡಬಹುದು. ಹಣ ಪಡೆದು ಲೆಕ್ಕ ಬರೆಯುವುದು ವ್ಯಾಪಾರದ ಬಳಕೆಯೇ, ಮನೆಯ ಮೂಲೆಯಲ್ಲಿ ಕುಳಿತು ಮಾಡಿದರೂ ಅಷ್ಟೇ.

ಕಾನೂನಿನ ಭಯಕ್ಕಿಂತ ನನಗೆ ಮುಖ್ಯವೆನಿಸುವುದು ಬೇರೆ. ಆ ವರ್ತಕರ ಪ್ಯಾನ್ ಸಂಖ್ಯೆ, ಬ್ಯಾಂಕ್ ವಿವರ, ಜಿಎಸ್‌ಟಿ ಪಾಸ್‌ವರ್ಡ್ ಎಲ್ಲ ಆ ಯಂತ್ರದಲ್ಲಿರುತ್ತವೆ. ನಂಬಿ ಕೊಟ್ಟಿದ್ದಾರೆ. ಮೈಸೂರಿನ ಅಂಗಡಿಯವರು ತೋರಿಸಿದ ಜಿಎಸ್‌ಟಿ ಸಾಲಿಗೆ ಬೇಸರ ಪಡಬೇಡಿ. ಲೈಸೆನ್ಸ್ ನಿಮ್ಮದು ಎಂಬುದಕ್ಕೆ ಆ ಬಿಲ್ಲೇ ಆಧಾರ. ನೋಂದಣಿ ಇರುವವರು ವ್ಯವಹಾರಕ್ಕೆ ಬಳಸುವ ಯಂತ್ರವಾದರೆ ಆ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಲೂಬಹುದು. ಮಗಳ ಓದಿಗೆಂದು ಕೊಂಡ ಯಂತ್ರಕ್ಕೆ ಅದು ಸಲ್ಲುವುದಿಲ್ಲ.

ಸುಭಾಷ್‌ನಗರ, ಮಂಡ್ಯ

ಇಷ್ಟು ವಿವರವಾಗಿ ಬರೆದದ್ದಕ್ಕೆ ಎಲ್ಲರಿಗೂ ಧನ್ಯವಾದ. ಒಬ್ಬ ಪರಿಚಯದ ಹುಡುಗ ಬಂದು ಹಳೆಯ ಯಂತ್ರದಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಎಸ್‌ಎಲ್‌ಎಂಜಿಆರ್ ಎಂದು ಬರೆದು, ಜಾಗ ಬಿಟ್ಟು, ಓರೆಗೆರೆ ಹಾಕಿ ಡಿಎಲ್‌ಐ ಎಂದು ಸೇರಿಸಿ ಎಂಟರ್ ಒತ್ತಿದ. ಸಣ್ಣ ಕಿಟಕಿ ಬಂತು. ಅದರಲ್ಲಿ "ರಿಟೇಲ್ ಚಾನೆಲ್" ಎಂದೇ ಇದೆ. ಕೀಯ ಕೊನೆಯ ಐದು ಅಕ್ಷರ 8ಎಚ್‌ವಿಎಕ್ಸ್7. ಹಾಗಾದರೆ ರಿಟೇಲ್ ಎಂದು ಖಾತ್ರಿಯಾಯಿತಲ್ಲವೇ?

ಸಿಸ್ಟಂ ಅಡ್ಮಿನ್, ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು

ಇಲ್ಲ ಸರ್, ಖಾತ್ರಿಯಾಗಲಿಲ್ಲ. ಇಲ್ಲಿ ಬಹಳ ಜನ ಮೋಸ ಹೋಗುತ್ತಾರೆ, ಅದಕ್ಕೇ ಬಿಡಿಸಿ ಹೇಳುತ್ತೇನೆ.

8ಎಚ್‌ವಿಎಕ್ಸ್7 ಎಂದು ಮುಗಿಯುವ ಕೀ ನಿಮ್ಮೊಬ್ಬರದಲ್ಲ. 7 ಅಥವಾ 8.1ರಿಂದ ಉಚಿತವಾಗಿ ವಿಂಡೋಸ್ 10 ಹೋಮ್‌ಗೆ ಏರಿದ ಎಲ್ಲ ಯಂತ್ರಗಳಲ್ಲೂ ಅದೇ ಸಾಮಾನ್ಯ ಕೀ ಕೂತಿರುತ್ತದೆ. ಪ್ರೊ ಆಗಿದ್ದರೆ 3ವಿ66ಟಿ ಎಂದು ಮುಗಿಯುತ್ತದೆ. ಹಿಂದೆ ಒಇಎಂ ಇದ್ದರೂ ಏರಿದ ಮೇಲೆ ಆ ಕಿಟಕಿ ರಿಟೇಲ್ ಎಂದೇ ತೋರಿಸುತ್ತದೆ. ನಿಜವಾದ ಹಕ್ಕು ಇರುವುದು ಡಿಜಿಟಲ್ ಲೈಸೆನ್ಸ್‌ನಲ್ಲಿ, ಅದು ನಿಮ್ಮ ಮದರ್‌ಬೋರ್ಡಿನ ಗುರುತಿನ ಜೊತೆ ಮೈಕ್ರೋಸಾಫ್ಟ್‌ನ ಸರ್ವರ್‌ನಲ್ಲಿ ದಾಖಲಾಗಿರುತ್ತದೆ. ಏರಿದ ಲೈಸೆನ್ಸ್ ತನ್ನ ಮೂಲದ ಗುಣವನ್ನೇ ಉಳಿಸಿಕೊಳ್ಳುತ್ತದೆ. ವಿಂಡೋಸ್‌ನ ಒಪ್ಪಂದದಲ್ಲೇ ಇದೆ: ತಂತ್ರಾಂಶವನ್ನು ಬಿಡಿಯಾಗಿ ಕೊಂಡಿದ್ದರೆ, ಅಥವಾ ಬಿಡಿಯಾಗಿ ಕೊಂಡದ್ದರಿಂದ ಏರಿಸಿಕೊಂಡಿದ್ದರೆ, ನಿಮ್ಮದೇ ಇನ್ನೊಂದು ಯಂತ್ರಕ್ಕೆ ಅದನ್ನು ವರ್ಗಾಯಿಸಬಹುದು. ಯಂತ್ರದ ಜೊತೆ ಬಂದದ್ದಾದರೆ ಯಂತ್ರದ ಜೊತೆಗೇ ಹೋಗಬೇಕು.

ಆದ್ದರಿಂದ ಪರದೆಯನ್ನು ಬಿಟ್ಟು ಡಬ್ಬಿಯನ್ನು ನೋಡಿ. ವಿಂಡೋಸ್ 7 ಹೋಮ್ ಪ್ರೀಮಿಯಂನ ಪೂರ್ಣ ರಿಟೇಲ್ ಡಬ್ಬಿಯಲ್ಲಿ ಎರಡು ಡಿವಿಡಿ ಇರುತ್ತಿದ್ದವು, ಒಂದು 32 ಬಿಟ್, ಇನ್ನೊಂದು 64 ಬಿಟ್. ಅಂಗಡಿಯವರು ಯಂತ್ರದ ಜೊತೆ ಕೊಡುತ್ತಿದ್ದ ಒಇಎಂ ಪೊಟ್ಟಣದಲ್ಲಿ ಒಂದೇ ಡಿವಿಡಿ. ಹೊಸ ಕಂಪ್ಯೂಟರಿನ ಜೊತೆಗೆ ಮಾತ್ರ ಮಾರತಕ್ಕದ್ದು ಎಂದು ಅದರ ಮೇಲೆ ಇಂಗ್ಲಿಷ್‌ನಲ್ಲಿ ಅಚ್ಚಾಗಿರುತ್ತದೆ. ಬಿಲ್ಲಿನಲ್ಲಿ ಒಇಎಂ ಎಂಬ ಮೂರು ಅಕ್ಷರ ಇದೆಯೇ ಎಂದೂ ನೋಡಿ.

ಸುಭಾಷ್‌ನಗರ, ಮಂಡ್ಯ

ಅಟ್ಟದ ಮೇಲಿದ್ದ ಡಬ್ಬಿ ತೆಗೆಸಿದೆ. ಎರಡು ಡಿವಿಡಿ ಇವೆ. ಬಿಲ್ಲಿನ ಶಾಯಿ ಮಾಸಿದೆ, ಆದರೂ ಓದಲು ಬರುತ್ತದೆ, ಒಇಎಂ ಎಂದು ಎಲ್ಲೂ ಇಲ್ಲ. ಡಬ್ಬಿಯೊಳಗಿನ ಕೀಯನ್ನೇ ಹೊಸ ಯಂತ್ರದಲ್ಲಿ ಬರೆದರೆ ಸಾಕೇ?

ಅಸೆಂಬ್ಲಿ ಕೆಲಸ, ಸರಸ್ವತಿಪುರಂ

ಕೀ ಬರೆದರೆ ಆಗುವುದಿಲ್ಲ ಸರ್. ಉಚಿತ ಏರಿಕೆಯ ಅವಧಿ 2016ರ ಜುಲೈ 29ಕ್ಕೇ ಮುಗಿದಿತ್ತು. ಆಮೇಲೂ ಹಳೆಯ 7ರ ಕೀ ಕೆಲಸ ಮಾಡುತ್ತಿತ್ತು, 2023ರ ಸೆಪ್ಟೆಂಬರ್‌ನಲ್ಲಿ ಆ ದಾರಿಯನ್ನೂ ಮುಚ್ಚಿದರು. ಈಗ ಉಳಿದಿರುವುದು ಡಿಜಿಟಲ್ ಲೈಸೆನ್ಸನ್ನು ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿ, ಅದರ ಮೂಲಕ ಸಾಗಿಸುವ ದಾರಿ. ಹಳೆಯ ಯಂತ್ರ ಜೀವಂತ ಇರುವಾಗಲೇ ಮಾಡಬೇಕಾದ ಕೆಲಸ ಅದು. ಎಷ್ಟೋ ಜನ ಹಳೆಯ ಬೋರ್ಡ್ ಬಿಚ್ಚಿ ಮಾರಿದ ಮೇಲೆ ನನ್ನ ಹತ್ತಿರ ಬರುತ್ತಾರೆ, ಆಗ ಏನೂ ಮಾಡಲಾಗುವುದಿಲ್ಲ.

ಹಳೆಯ ವಿಂಡೋಸ್ 10ರಲ್ಲಿ ಸೆಟ್ಟಿಂಗ್ಸ್ ತೆರೆದು ಅಪ್‌ಡೇಟ್ ಆ್ಯಂಡ್ ಸೆಕ್ಯುರಿಟಿ, ಅದರೊಳಗೆ ಆ್ಯಕ್ಟಿವೇಶನ್. ಅಲ್ಲಿ ನಿಮ್ಮ ಖಾತೆಯನ್ನು ಸೇರಿಸಿ. ಡಿಜಿಟಲ್ ಲೈಸೆನ್ಸ್ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಜೋಡಣೆಯಾಗಿದೆ ಎಂಬ ಅರ್ಥದ ಸಾಲು ಬರುವವರೆಗೆ ಮುಂದೆ ಹೋಗಬೇಡಿ. ಯಂತ್ರದ ಹೆಸರನ್ನೂ ಬರೆದಿಟ್ಟುಕೊಳ್ಳಿ. ಹೊಸದರಲ್ಲಿ ವಿಂಡೋಸ್ 11 ಹೋಮ್ ಅನ್ನೇ ಹಾಕಬೇಕು, ಪ್ರೊ ಹಾಕಿದರೆ ಹೋಮ್‌ನ ಲೈಸೆನ್ಸ್ ಹೊಂದುವುದಿಲ್ಲ. 8 ಜಿಬಿ ಪೆನ್‌ಡ್ರೈವ್ ಸಾಕು, ಮೈಕ್ರೋಸಾಫ್ಟ್‌ನ ತಾಣದಿಂದಲೇ ಮೀಡಿಯಾ ಕ್ರಿಯೇಶನ್ ಟೂಲ್ ಇಳಿಸಿ. ಕೀ ಕೇಳಿದಾಗ ನನ್ನ ಬಳಿ ಇಲ್ಲ ಎಂಬುದನ್ನು ಒತ್ತಿ. ಎಲ್ಲ ಮುಗಿದು, ಅದೇ ಖಾತೆಯಲ್ಲಿ ಒಳಗೆ ಹೋದ ಮೇಲೆ ಆ್ಯಕ್ಟಿವೇಶನ್ ಪುಟದಲ್ಲಿ ಟ್ರಬಲ್‌ಶೂಟ್ ಒತ್ತಿದರೆ, ಇತ್ತೀಚೆಗೆ ಹಾರ್ಡ್‌ವೇರ್ ಬದಲಿಸಿದ್ದೇನೆ ಎಂಬ ಆಯ್ಕೆ ಕಾಣುತ್ತದೆ. ಅದರೊಳಗೆ ನಿಮ್ಮ ಹಳೆಯ ಯಂತ್ರದ ಹೆಸರಿರುತ್ತದೆ.

ಎಲ್ಲರಿಗೂ ಒಂದೇ ಸಲಕ್ಕೆ ಆಗುತ್ತದೆಂದು ನಾನು ಮಾತು ಕೊಡಲಾರೆ. ಸಾಗದಿದ್ದರೆ ಬಿಲ್ ಹಿಡಿದು ಮೈಕ್ರೋಸಾಫ್ಟ್‌ನ ಸಹಾಯ ವಿಭಾಗವನ್ನು ಕೇಳಬೇಕು.

ತೆರಿಗೆ ಸಲಹೆಗಾರ್ತಿ, ಕುವೆಂಪುನಗರ

ಒಂದು ನಿಮಿಷ. ಸರ್ ಮೊದಲ ಸಂದೇಶದಲ್ಲಿ, ಹಳೆಯ ಯಂತ್ರದಲ್ಲಿ ಟ್ಯಾಲಿ ಹಾಗೆಯೇ ನಡೆದುಕೊಂಡು ಹೋಗಲಿ ಎಂದಿದ್ದಾರೆ. ಲೈಸೆನ್ಸ್ ಒಂದು, ಯಂತ್ರ ಎರಡು. ವರ್ಗಾಯಿಸಿದ ಮೇಲೆ ಹಳೆಯದರಲ್ಲಿ ವಿಂಡೋಸ್ ಬಳಸುವ ಹಕ್ಕು ಉಳಿಯುವುದಿಲ್ಲವಲ್ಲ?

ಸಿಸ್ಟಂ ಅಡ್ಮಿನ್, ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು

ಮೇಡಂ ಹೇಳಿದ್ದು ಸರಿ. ರಿಟೇಲ್ ಲೈಸೆನ್ಸ್ ಒಂದು ಹೊತ್ತಿಗೆ ಒಂದೇ ಯಂತ್ರಕ್ಕೆ.

ಇನ್ನೊಂದು ವಿಷಯ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆಬಳಕೆದಾರರಿಗೆ ಇಎಸ್‌ಯು ಎಂಬ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗಳನ್ನು 2026ರ ಅಕ್ಟೋಬರ್ 13ರವರೆಗೆ ಕೊಡುವ ಏರ್ಪಾಡು ಮಾಡಿದರು. ಯಂತ್ರ 22ಎಚ್2 ಆವೃತ್ತಿಯಲ್ಲಿರಬೇಕು. ಸೆಟ್ಟಿಂಗ್‌ಗಳನ್ನು ಖಾತೆಗೆ ಬ್ಯಾಕಪ್ ಮಾಡಲು ಒಪ್ಪಿದರೆ ಹಣ ಕೊಡಬೇಕಿಲ್ಲ. ಅಷ್ಟು ದಿನ ತಳ್ಳಬಹುದು, ಅದಕ್ಕಿಂತ ಹೆಚ್ಚಲ್ಲ. ಆ ಮೂರನೆಯ ತಲೆಮಾರಿನ ಐ5 ವಿಂಡೋಸ್ 11ಕ್ಕೆ ಏರುವುದಿಲ್ಲ. ಇಂಟೆಲ್‌ನಲ್ಲಿ ಎಂಟನೆಯ ತಲೆಮಾರಿನಿಂದ ಮೇಲಿನವು (ಏಳನೆಯದರ ಕೆಲವೇ ಕೆಲವು ಬಿಟ್ಟರೆ), ಎಎಂಡಿಯಲ್ಲಿ ರೈಜನ್ 2000ದಿಂದ ಮೇಲಿನವು ಮಾತ್ರ ಪಟ್ಟಿಯಲ್ಲಿವೆ. ಜೊತೆಗೆ ಟಿಪಿಎಂ 2.0, ಸೆಕ್ಯೂರ್ ಬೂಟ್ ಎಂಬ ಭದ್ರತಾ ಏರ್ಪಾಡುಗಳು ಬೇಕು. ತಪಾಸಣೆ ತಪ್ಪಿಸಿ ಹಾಕುವ ಉಪಾಯಗಳಿವೆ. ಹಾಗೆ ಹಾಕಿದ ಯಂತ್ರಕ್ಕೆ ಅಪ್‌ಡೇಟ್ ಸಿಗುವ ಖಾತರಿ ಇಲ್ಲವೆಂದು ಕಂಪನಿಯೇ ಹೇಳಿದೆ. ವರ್ತಕರ ಲೆಕ್ಕವಿರುವ ಯಂತ್ರಕ್ಕೆ ಅಂಥ ಪ್ರಯೋಗ ಬೇಡವೇ ಬೇಡ.

ಸುಭಾಷ್‌ನಗರ, ಮಂಡ್ಯ

ಇದು ನನಗೆ ಹೊಳೆದಿರಲಿಲ್ಲ. ಹಾಗಾದರೆ ಹೊಸ ಯಂತ್ರಕ್ಕೆ ಬೇರೆ ಲೈಸೆನ್ಸ್ ಕೊಂಡರೂ ಹಳೆಯದು ಹೆಚ್ಚು ಕಾಲ ಟ್ಯಾಲಿಗೆ ಯೋಗ್ಯವಲ್ಲ ಎಂದಾಯಿತು. ಇವತ್ತು ರಾತ್ರಿ ಮನೆಯಲ್ಲಿ ಮೂವರೂ ಕುಳಿತು ಮಾತಾಡುತ್ತೇವೆ.

ಸರ್ಕಾರಿ ಶಾಲೆ, ಪಾಂಡವಪುರ

ಮೂರನೆಯ ತಲೆಮಾರಿನ ಐ5 ಎಂದರೆ ಎಸೆಯುವ ಯಂತ್ರವಲ್ಲ ಸ್ವಾಮಿ. 8 ಜಿಬಿ ರ‍್ಯಾಮ್, ಒಂದು ಸಣ್ಣ ಎಸ್‌ಎಸ್‌ಡಿ ಹಾಕಿದರೆ ಲಿನಕ್ಸ್ ಮಿಂಟ್ ನೀರು ಹರಿದ ಹಾಗೆ ಓಡುತ್ತದೆ. ನಮ್ಮ ಮಕ್ಕಳು ಅದಕ್ಕಿಂತ ಹಳೆಯ ಯಂತ್ರಗಳಲ್ಲಿ ಪೈಥಾನ್ ಕಲಿಯುತ್ತಿದ್ದಾರೆ. ಉಬುಂಟು ಎಂಬ ಲಿನಕ್ಸ್‌ನ 24.04ರ ಸರಣಿಗೂ, ಅದನ್ನು ಆಧರಿಸಿದ ಮಿಂಟ್ 22ಕ್ಕೂ 2029ರವರೆಗೆ ಅಪ್‌ಡೇಟ್ ಬರುತ್ತವೆ. ಕೀ ಇಲ್ಲ, ಆ್ಯಕ್ಟಿವೇಶನ್ ಇಲ್ಲ, ಒಂದೇ ಪೆನ್‌ಡ್ರೈವ್‌ನಿಂದ ಇಡೀ ಶಾಲೆಗೆ ಹಾಕಬಹುದು, ಅದು ಲೈಸೆನ್ಸ್ ಕೊಟ್ಟ ಹಕ್ಕೇ.

ಕನ್ನಡ ಬರೆಯಲು ಆಗುವುದಿಲ್ಲವೆಂದು ಹಲವರು ಹಿಂಜರಿಯುತ್ತಾರೆ. ಲಿನಕ್ಸ್‌ನಲ್ಲಿ ಬೇರೆ ಭಾಷೆ ಬರೆಯಲು ಇರುವ ಐಬಸ್ ಜೊತೆ ಎಂ17ಎನ್ ಪ್ಯಾಕೇಜ್ ಹಾಕಿಕೊಂಡರೆ ಇನ್‌ಸ್ಕ್ರಿಪ್ಟ್ ಕೂಡ ಇದೆ, ನುಡಿಯಲ್ಲಿ ಕೈ ಕೂತವರಿಗೆ ಕೆಜಿಪಿ ವಿನ್ಯಾಸವೂ ಇದೆ. ಬೆರಳು ಹೊಸದಾಗಿ ಏನೂ ಕಲಿಯಬೇಕಿಲ್ಲ.

ಹೊಸ ಯಂತ್ರಕ್ಕೂ ಲಿನಕ್ಸನ್ನೇ ಏಕೆ ಹಾಕಬಾರದು?

ಅಸೆಂಬ್ಲಿ ಕೆಲಸ, ಸರಸ್ವತಿಪುರಂ

ಮೇಷ್ಟ್ರೇ, ಮಗಳು ಮೆಕ್ಯಾನಿಕಲ್. ಮೊದಲ ವರ್ಷವೇ ಕಂಪ್ಯೂಟರಿನಲ್ಲಿ ಎಂಜಿನಿಯರಿಂಗ್ ಡ್ರಾಯಿಂಗ್ ಇರುತ್ತದೆ, ನನ್ನ ಹತ್ತಿರ ಬರುವ ಮಕ್ಕಳೆಲ್ಲ ಕೇಳುವುದು ಸಾಲಿಡ್ ಎಡ್ಜ್ ಎಂಬ ಡ್ರಾಯಿಂಗ್ ತಂತ್ರಾಂಶ. ವಿದ್ಯಾರ್ಥಿಗಳಿಗೆ ಉಚಿತ, ಆದರೆ ವಿಂಡೋಸ್‌ನಲ್ಲಿ ಮಾತ್ರ. ಟ್ಯಾಲಿಯೂ ಅಷ್ಟೇ. ಕಂಪ್ಯೂಟರ್ ಸೈನ್ಸ್ ಆಗಿದ್ದರೆ ನಿಮ್ಮ ಮಾತಿಗೆ ನಾನೇ ಕೈ ಎತ್ತುತ್ತಿದ್ದೆ.

ಸರ್ಕಾರಿ ಶಾಲೆ, ಪಾಂಡವಪುರ

ಡ್ರಾಯಿಂಗ್ ಮಾತು ಒಪ್ಪಿದೆ. ಹಳೆಯ ಯಂತ್ರದ ಮಾತನ್ನು ಮಾತ್ರ ಬಿಡುವುದಿಲ್ಲ.

ಡಿಟಿಪಿ, ಶಿವರಾಂಪೇಟೆ

ನಡುವೆ ನನ್ನದೂ ಒಂದು. ಲಗ್ನಪತ್ರಿಕೆ, ಕರಪತ್ರ ಮಾಡುವ ಅಂಗಡಿ ನಮ್ಮದು. ಬ್ರ್ಯಾಂಡೆಡ್ ಯಂತ್ರ, ಕ್ಯಾಬಿನೆಟ್ ಮೇಲೆ ವಿಂಡೋಸ್ 7ರ ಸ್ಟಿಕರ್ ಇದೆ. ಮದರ್‌ಬೋರ್ಡ್ ಸುಟ್ಟುಹೋಗಿ ಬೇರೆ ಕಂಪನಿಯ ಬೋರ್ಡ್ ಹಾಕಿಸಿದೆ. ಈಗ ಆ್ಯಕ್ಟಿವೇಟ್ ಆಗುತ್ತಿಲ್ಲ. ಪೇಜ್‌ಮೇಕರ್ 7, ನುಡಿ ಫಾಂಟ್‌ಗಳು, ವರ್ಷಗಳ ಫೈಲುಗಳು ಎಲ್ಲ ಅದರಲ್ಲಿವೆ. ಮದುವೆ ಸೀಸನ್ ಹತ್ತಿರ ಬಂದಿದೆ, ನಿದ್ದೆ ಬರುತ್ತಿಲ್ಲ.

ಸಿಸ್ಟಂ ಅಡ್ಮಿನ್, ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು

ಸ್ಟಿಕರಿನ ಲೈಸೆನ್ಸ್ ಒಇಎಂ ಸರ್. ಬೋರ್ಡ್ ಕೆಟ್ಟಾಗ ತಯಾರಕರೇ ಅದೇ ಬಗೆಯದನ್ನು ಬದಲಿಸಿಕೊಟ್ಟಿದ್ದರೆ ಲೈಸೆನ್ಸ್ ಉಳಿಯುತ್ತಿತ್ತು. ಬೇರೆ ಬೋರ್ಡ್ ಹಾಕಿದರೆ ಅದನ್ನು ಹೊಸ ಯಂತ್ರವೆಂದೇ ಲೆಕ್ಕ ಹಿಡಿಯುತ್ತಾರೆ. ಫೈಲುಗಳಿಗೇನೂ ಆಗುವುದಿಲ್ಲ, ಡಿಸ್ಕನ್ನು ಇನ್ನೊಂದು ಯಂತ್ರಕ್ಕೆ ಹಚ್ಚಿ ಇವತ್ತೇ ಎರಡು ಕಡೆ ನಕಲು ಮಾಡಿಸಿಡಿ.

ಹೊಸದು ಕೊಳ್ಳುವಾಗ ಗಮನಿಸಿ: ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ, ಅದರಲ್ಲಿ 16 ಬಿಟ್ ಪ್ರೋಗ್ರಾಂಗಳು ನಡೆಯುವುದೇ ಇಲ್ಲ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. 32 ಬಿಟ್ ಆದ್ದರಿಂದ ಓಡಬಹುದು, ಆದರೆ ಹೊಸ ವಿಂಡೋಸ್‌ಗಾಗಿ ಅದನ್ನು ಯಾರೂ ತಿದ್ದುತ್ತಿಲ್ಲ. ಕೊಳ್ಳುವ ಮೊದಲೇ ಸ್ನೇಹಿತರ ವಿಂಡೋಸ್ 11 ಯಂತ್ರದಲ್ಲಿ ನಿಮ್ಮ ಒಂದು ಫೈಲನ್ನು ತೆರೆದು, ಮುದ್ರಣದವರೆಗೂ ಹೋಗಿ ನೋಡಿ.

ಸರ್ಕಾರಿ ಶಾಲೆ, ಪಾಂಡವಪುರ

ಡಿಟಿಪಿ ಅವರಿಗೆ ಇನ್ನೊಂದು ಮಾತು. ನಿಮ್ಮ ಹಳೆಯ ಫೈಲುಗಳಲ್ಲಿರುವುದು ನುಡಿ 01 ಇ ಬಗೆಯ ಫಾಂಟ್‌ಗಳಾದರೆ, ಅಲ್ಲಿ ಕನ್ನಡ ಕನ್ನಡವಾಗಿ ಉಳಿದಿಲ್ಲ. ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದಾರೆ ಅಷ್ಟೇ. ಫಾಂಟ್ ಇಲ್ಲದ ಯಂತ್ರದಲ್ಲಿ ವಧೂವರರ ಹೆಸರು, ತಲೆಯ ಮೇಲೆ ಗೆರೆ ಚುಕ್ಕೆ ಹೊತ್ತ ಪರದೇಶಿ ಅಕ್ಷರಗಳಾಗಿ ಕಾಣುತ್ತದೆ. ಯಂತ್ರ ಬದಲಿಸುವ ಈ ಸಂದರ್ಭದಲ್ಲೇ ಮುಖ್ಯವಾದ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಒತ್ತಕ್ಷರ, ಅರ್ಕಾವೊತ್ತು ಕೆಲವು ಕಡೆ ಜಾರುತ್ತವೆ, ಕಣ್ಣಿಟ್ಟು ಓದಬೇಕು. ಪುಟವಿನ್ಯಾಸದ ಸ್ಕ್ರೈಬಸ್ 1.6 ಕನ್ನಡ ಯೂನಿಕೋಡನ್ನು ಸರಿಯಾಗಿ ಜೋಡಿಸುತ್ತದೆ, ಉಚಿತವೂ ಹೌದು. ಸೀಸನ್ ಮುಗಿದ ಮೇಲೆ ಒಂದು ಪತ್ರಿಕೆಯನ್ನಾದರೂ ಅದರಲ್ಲಿ ಮಾಡಿ ನೋಡಿ.

ಸುಭಾಷ್‌ನಗರ, ಮಂಡ್ಯ

ಮನೆಯಲ್ಲಿ ಮಾತಾಡಿದೆವು. ಮಗಳು ಬೆಳಿಗ್ಗೆ ಹೋದರೆ ಸಂಜೆ ಬರುತ್ತಾಳೆ. ಲೆಕ್ಕದ ಕೆಲಸ ನಡೆಯುವುದು ಹಗಲಿನಲ್ಲಿ. ಹೊಸ ಯಂತ್ರದಲ್ಲೇ ಇಬ್ಬರಿಗೂ ಬೇರೆ ಬೇರೆ ಲಾಗಿನ್ ಮಾಡಿ, ಟ್ಯಾಲಿಯನ್ನೂ ಅದಕ್ಕೇ ತರುವುದೆಂದು ನಿರ್ಧಾರವಾಯಿತು. ಹಳೆಯದರಲ್ಲಿ ವಿಂಡೋಸ್ ಪೂರ್ತಿ ತೆಗೆದುಬಿಡುತ್ತೇವೆ. ಹಾಗಾದರೆ ಲೈಸೆನ್ಸ್ ವರ್ಗಾಯಿಸಲು ತೊಂದರೆಯಿಲ್ಲವಷ್ಟೇ? ಮಂಡ್ಯದ ಅಂಗಡಿಯವರಿಗೆ ಆ ಉಚಿತ ಸಾಲನ್ನು ಹೊಡೆದುಹಾಕಿ, ಬಿಡಿಭಾಗ ಮಾತ್ರ ಬಿಲ್ ಸಮೇತ ಕೊಡಿ ಎಂದೆ. ಒಪ್ಪಿಕೊಂಡರು.

ತೆರಿಗೆ ಸಲಹೆಗಾರ್ತಿ, ಕುವೆಂಪುನಗರ

ಬಹಳ ಒಳ್ಳೆಯ ತೀರ್ಮಾನ ಸರ್. ಟ್ಯಾಲಿಗೂ ಅದರದೇ ಲೈಸೆನ್ಸ್ ಇದೆ ಎಂಬುದನ್ನು ಮರೆಯಬೇಡಿ. ಹಳೆಯ ಯಂತ್ರವನ್ನು ಅಳಿಸುವ ಮೊದಲು ಟ್ಯಾಲಿಯೊಳಗೇ ಹೋಗಿ ಲೈಸೆನ್ಸನ್ನು ಸರೆಂಡರ್ ಮಾಡಬೇಕು, ಆಮೇಲೆ ಹೊಸದರಲ್ಲಿ ಆ್ಯಕ್ಟಿವೇಟ್. ಡೇಟಾ ಫೋಲ್ಡರಿನ ಬ್ಯಾಕಪ್ ತೆಗೆದು, ಹೊಸದರಲ್ಲಿ ತೆರೆದು, ಎರಡರಲ್ಲೂ ಟ್ರಯಲ್ ಬ್ಯಾಲೆನ್ಸ್ ತಾಳೆ ನೋಡಿದ ಮೇಲೆಯೇ ಹಳೆಯದಕ್ಕೆ ಕೈ ಹಾಕಿ.

ಸಿಸ್ಟಂ ಅಡ್ಮಿನ್, ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು

ಜೋಡಿಸುವ ದಿನಕ್ಕೆ ಒಂದು ಎಚ್ಚರಿಕೆ. ವಿಂಡೋಸ್ 11ರ 24ಎಚ್2 ಮತ್ತು ಆಮೇಲಿನ ಆವೃತ್ತಿಗಳನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಒಳಗೆ ಹೋದರೆ, ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗುತ್ತದೆ. ಹೋಮ್‌ನಲ್ಲೂ ಆಗುತ್ತದೆ. ಒಳ್ಳೆಯದೇ, ಕಳ್ಳತನವಾದರೂ ಡೇಟಾ ಸಿಗುವುದಿಲ್ಲ. ಆದರೆ ಮುಂದೆ ಪ್ರೊಸೆಸರ್ ಬದಲಿಸಿದಾಗ ಈ ಬೋರ್ಡ್‌ಗಳಲ್ಲಿ ಕಪ್ಪು ಪರದೆಯ ಮೇಲೆ ಎಫ್‌ಟಿಪಿಎಂ (ಪ್ರೊಸೆಸರಿನೊಳಗಿನ ಟಿಪಿಎಂ) ಮರುಹೊಂದಿಸಲೇ ಎಂದು ವೈ ಅಥವಾ ಎನ್ ಒತ್ತಲು ಕೇಳುತ್ತದೆ. ವೈ ಒತ್ತಿದರೆ 48 ಅಂಕಿಗಳ ರಿಕವರಿ ಕೀ ಬೇಕಾಗುತ್ತದೆ. ಅದು ಆ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಮುದ್ರಿಸಿ ಬಿಲ್ಲುಗಳ ಫೈಲಿನಲ್ಲಿ ಇಡಿ. ಖಾತೆಯ ಪಾಸ್‌ವರ್ಡ್ ಮನೆಯಲ್ಲಿ ಇಬ್ಬರಿಗಾದರೂ ಗೊತ್ತಿರಲಿ.

ಮದ್ದೂರು, ಬಿಸಿಎ ಕೊನೆಯ ವರ್ಷ

ಸರ್, ನೀವು ಬರೆದದ್ದನ್ನು ಓದಿದ ಮೇಲೆ ನಾನೂ ಆ ಡಿಎಲ್‌ಐ ಕಮಾಂಡ್ ಕೊಟ್ಟು ನೋಡಿದೆ. "ವಾಲ್ಯೂಮ್ ಮ್ಯಾಕ್" ಎಂದು ಬಂತು.

ಸಿಸ್ಟಂ ಅಡ್ಮಿನ್, ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು

ಹಾಗಾದರೆ ಅದು ಯಾವುದೋ ಸಂಸ್ಥೆಯ ಕೀ. ನೀನು ಕೋಡ್ ಬರೆಯುವವನು, ಮೇಷ್ಟ್ರು ಹೇಳಿದ ಮಿಂಟ್ ನಿನ್ನ ಓದಿಗೆ ಧಾರಾಳವಾಗಿ ಸಾಕು. ಯಾವುದಾದರೂ ವಿಷಯಕ್ಕೆ ವಿಂಡೋಸ್ ಬೇಕೇ ಬೇಕು ಎಂದಾದರೆ, ವಿದ್ಯಾರ್ಥಿಗಳಿಗೆ ಏನಾದರೂ ಸೌಲಭ್ಯ ಇದೆಯೇ ಎಂದು ಮೊದಲು ಕಾಲೇಜಿನ ಲ್ಯಾಬ್‌ನಲ್ಲಿ ಕೇಳು.

ಸುಭಾಷ್‌ನಗರ, ಮಂಡ್ಯ

ಯಂತ್ರ ಸಿದ್ಧವಾಯಿತು. ಹೇಳಿದ ಕ್ರಮದಲ್ಲೇ ಮಾಡಿದೆವು. ಹಳೆಯದನ್ನು ಮನೆಯವರ ಖಾತೆಗೆ ಜೋಡಿಸಿ, ಹೊಸದರಲ್ಲಿ ಹೋಮ್ ಹಾಕಿ, ಟ್ರಬಲ್‌ಶೂಟ್ ಒತ್ತಿದಾಗ ಪಟ್ಟಿಯಲ್ಲಿ ಹಳೆಯ ಯಂತ್ರದ ಹೆಸರು ಬಂತು. ಈಗ ಬಳಸುತ್ತಿರುವ ಯಂತ್ರ ಇದೇ ಎಂಬುದಕ್ಕೆ ಗುರುತು ಹಾಕಿದ ಮೇಲೆ ಆ್ಯಕ್ಟಿವೇಟ್ ಆಯಿತು. ಟ್ಯಾಲಿ ಸರೆಂಡರ್ ಕೂಡ ಮುಗಿದಿದೆ, ಇಬ್ಬರು ವರ್ತಕರ ಟ್ರಯಲ್ ಬ್ಯಾಲೆನ್ಸ್ ಪೈಸೆ ಪೈಸೆ ತಾಳೆಯಾಗಿದೆ. ರಿಕವರಿ ಕೀ ಮುದ್ರಿಸಿ ಇಟ್ಟಿದ್ದೇವೆ. ನಿಮ್ಮೆಲ್ಲರ ಉಪಕಾರ ಮರೆಯುವುದಿಲ್ಲ.

ಮೇಷ್ಟ್ರೇ, ಹಳೆಯ ಯಂತ್ರದ ಡಿಸ್ಕ್ ಇನ್ನು ಖಾಲಿ ಮಾಡಬಹುದು. ನಿಮ್ಮ ಶಾಲೆಗೆ ಬೇಕಾದರೆ ಕೊಡುತ್ತೇವೆ.

ಸರ್ಕಾರಿ ಶಾಲೆ, ಪಾಂಡವಪುರ

ಖಂಡಿತ ಬೇಕು ಸ್ವಾಮಿ. ಮುಖ್ಯೋಪಾಧ್ಯಾಯರಿಂದ ಸ್ವೀಕೃತಿ ಪತ್ರ ಬರೆಸಿಕೊಂಡು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಬರುತ್ತೇನೆ. ಡಿಸ್ಕಿನಲ್ಲಿ ಲೆಕ್ಕದ ಫೈಲುಗಳಿದ್ದವು, ಆದ್ದರಿಂದ ಬರೀ ಫಾರ್ಮ್ಯಾಟ್ ಮಾಡಿ ಕೊಡಬೇಡಿ. ಡಿಸ್ಕ್ ಬಿಚ್ಚಿ ನೀವೇ ಇಟ್ಟುಕೊಳ್ಳಿ, ಎಸ್‌ಎಸ್‌ಡಿ ನಾನು ತರುತ್ತೇನೆ.